ಹತ್ತಕ್ಕೆ ಎರಡು

"ನಿಮ್ಮ ದೊಡ್ಡ ದೌರ್ಬಲ್ಯ ಏನು?"

ಎದುರಿಗೆ ಕೂತವನು ನೇರವಾಗಿ, ಪ್ರಶ್ನೆ ಕೇಳಿದವಳ ಕಣ್ಣನ್ನೇ ನೋಡಿದ.

"ಸುಳ್ಳು ಹೇಳೋಕೆ ಬರಲ್ಲ."

ಅಯ್ಯೋ! ಬೆಳಿಗ್ಗೆಯಿಂದ ಹನ್ನೊಂದು ಜನ ಬಂದು ಹೋಗಿದ್ದರು. ಎಲ್ಲರದ್ದೂ ಒಂದೇ ಗಿಳಿಪಾಠ, 'ಅತಿಯಾಗಿ ಕಷ್ಟಪಟ್ಟು ದುಡಿಯೋದೇ ನನ್ನ ದೌರ್ಬಲ್ಯ' ಅಂತ. ಇವನೊಬ್ಬ ಹೀಗಂದುಬಿಟ್ಟನಲ್ಲ! ಅವಳ ಕೈಯಿಂದ ಪೆನ್ನು ಜಾರಿ ಮೇಜಿನಡಿಗೆ ಉರುಳಿತು. ಅವನೇ ಬಗ್ಗಿ ಎತ್ತಿ, ಧೂಳು ಊದಿ ಕೊಟ್ಟ.

ಅವಳು ಸೀನಿದಳು. ಒಂದಲ್ಲ, ಮೂರು ಸಲ.

"ಧೂಳು ಆಗಲ್ವಾ ನಿಮಗೆ? ಇತಿಹಾಸ ಯಾಕೆ ಓದಿದ್ರಿ ಮತ್ತೆ?"

"ಪ್ರಶ್ನೆ ಕೇಳೋಳು ನಾನು!" ಎಂದಳು. ನಗು ಮಾತ್ರ ತಡೆಯಲಾಗಲಿಲ್ಲ.

ಅದು ಮಾನವಿಕ ವಿಭಾಗದ ಉದ್ಯೋಗ ಸಪ್ತಾಹ. ಸೋಮವಾರದಿಂದ ಶುಕ್ರವಾರದವರೆಗೆ ಕಾರಿಡಾರ್ ತುಂಬ ಪ್ರಕಾಶಕರು, ರೇಡಿಯೋದವರು, ಮ್ಯೂಸಿಯಂನವರು ಮೇಜು ಹಾಕಿಕೊಂಡಿದ್ದರು. ಕೆಳಗಿನ ಕೋಣೆಯಲ್ಲಿ ಅಣಕು ಸಂದರ್ಶನ. ಕೆಲಸ ಸಿಕ್ಕವರು ಪ್ರಶ್ನೆ ಕೇಳಿ ಮಾರ್ಕ್ಸ್ ಹಾಕಬೇಕು, ಸಿಗದವರು ಉತ್ತರಿಸಬೇಕು. ನಮ್ಮ ಹುಡುಗಿಗೆ ಇದೇ ವಿಶ್ವವಿದ್ಯಾಲಯದ ಹಳೇ ದಾಖಲೆಗಳ ಕೋಣೆಯಲ್ಲಿ ಕೆಲಸ ಸಿಕ್ಕಿತ್ತು. ಅವನು ತತ್ವಶಾಸ್ತ್ರದವನು. ಎರಡು ವರ್ಷ ಲೈಬ್ರರಿಯಲ್ಲಿ ಎದುರುಬದುರು ಕೂತು ಓದಿದ್ದರೂ ಒಂದೇ ಒಂದು ಮಾತೂ ಆಡಿದವನಲ್ಲ. ಗೆಳೆಯರು ಅವನಿಗಿಟ್ಟ ಹೆಸರೇ ಮೌನಿ.

ಕೋಣೆಯ ಬಾಗಿಲಿಗೆ ಪ್ರೊಫೆಸರು ಒಂದು ಚೀಟಿ ಅಂಟಿಸಿದ್ದರು: 'ಒಳಗೆ ಆಡಿದ ಮಾತೆಲ್ಲ ಬರೀ ಅಭ್ಯಾಸ. ಹೊರಗೆ ಒಯ್ಯಬಾರದು.'

ಎಲ್ಲ ಎಡವಟ್ಟೂ ಶುರುವಾಗಿದ್ದು ಆ ಚೀಟಿಯಿಂದಲೇ.

ಮಂಗಳವಾರ ಅವನು ಮತ್ತೆ ಬಂದ!

'ನಿನ್ನೆ ತಾನೇ ಬಂದಿದ್ದ... ಮತ್ತ್ಯಾಕೆ?' ಮುಖ ಗಂಭೀರ ಮಾಡಿಕೊಂಡು ಕೇಳಿದಳು.

"ಐದು ವರ್ಷ ಆದ ಮೇಲೆ ನೀವು ಎಲ್ಲಿರ್ತೀರಿ?"

"ಸಂಜೆ ದಾಖಲೆ ಕೋಣೆಯ ಬಾಗಿಲ ಹತ್ತಿರ. ಒಳಗೆ ಧೂಳಿಗೆ ಸೀನ್ತಾ ಕೆಲಸ ಮಾಡೋ ಒಬ್ಬರಿದ್ದಾರೆ. ಅವರ ಜೊತೆ ಮನೆಗೆ ನಡ್ಕೊಂಡು ಹೋಗೋಕೆ ಕಾಯ್ತಿರ್ತೀನಿ."

ಅವಳ ಕಿವಿ ಬಿಸಿಯಾಯಿತು. ಇದು ಉತ್ತರವಾ? ಅಥವಾ... ಅಷ್ಟರಲ್ಲಿ ಪ್ರೊಫೆಸರು ಒಳಬಂದರು.

"ಹೇಗೆ ಮಾಡ್ತಿದ್ದಾನಮ್ಮ? ಎಲ್ಲಿ, ಹಾಳೆ ಕೊಡು."

ಗಡಿಬಿಡಿಯಲ್ಲಿ ಗೀಚಿದಳು: 'ಹತ್ತಕ್ಕೆ ಎರಡು. ಕೆಲಸಕ್ಕೆ ಸಂಬಂಧವಿಲ್ಲದ ಉತ್ತರ. ಇನ್ನು ಮುಂದೆ ಹೀಗೆ ಹೇಳಬೇಡಿ.'

ಪ್ರೊಫೆಸರು ಓದಿ, ತಲೆಯಾಡಿಸಿ, ಹಾಳೆಯನ್ನು ಅವನ ಕೈಗಿತ್ತರು. ಅವನು ಅದನ್ನು ಎರಡೆರಡು ಸಲ ಓದಿದ. ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡ. "ಸರಿ ಮೇಡಂ," ಎಂದಷ್ಟೇ ಹೇಳಿ ಎದ್ದು ಹೋದ.

ಬುಧವಾರ ಬರಲಿಲ್ಲ. ಗುರುವಾರವೂ ಇಲ್ಲ. ಯಾರು ಬಾಗಿಲು ತಳ್ಳಿದರೂ ಅವಳ ಜೀವ ಹಾರುತ್ತಿತ್ತು.

'ನನಗೇ ಹೇಳಿದ್ದಾ? ಸೀನೋಳು ನಾನೇ ತಾನೇ? ಆದರೆ ಒಳಗೆ ಹೇಳಿದ್ದೆಲ್ಲ ಅಭ್ಯಾಸ... ತಮಾಷೆ ಮಾಡಿದ್ನಾ? ತಮಾಷೆಯಾದ್ರೆ ನನಗ್ಯಾಕೆ ಇಷ್ಟು ಸಂಕಟ?'

ಶುಕ್ರವಾರ ಮಧ್ಯಾಹ್ನ ವಿಭಾಗದ ಕಚೇರಿಯ ಅಕ್ಕನ ಮುಂದೆ ಎಲ್ಲ ಒದರಿಬಿಟ್ಟಳು. ಇಪ್ಪತ್ತು ವರ್ಷದಿಂದ ಹುಡುಗರ ಅರ್ಜಿಗಳನ್ನು ನೋಡಿದ ಹೆಂಗಸು ಅವರು.

"ಸರಿಯಾಗಿ ಹೇಳಬಾರದಿತ್ತಾ ಅಕ್ಕ? ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಹೇಳಿ ಹೋದ."

"ಅವನಾದರೂ ಅಡ್ಡಗೋಡೆ ಮೇಲೆ ಇಟ್ಟ. ನೀನು ಊದಿ ಆರಿಸಿಬಿಟ್ಟೆಯಲ್ಲೇ!" ಅಕ್ಕ ಕಡತದಿಂದ ತಲೆ ಎತ್ತಿದರು. "ಎರಡು ವರ್ಷ ಬಾಯಿ ಬಿಡದವನು ಬಾಯಿ ಬಿಟ್ಟ, ಅದಕ್ಕೆ ಎರಡು ಮಾರ್ಕ್ಸ್! ಕೇಳು, ನಿನ್ನೆ ಅವನಿಗೆ ಮ್ಯೂಸಿಯಂ ಕೆಲಸ ಸಿಕ್ಕಿದೆ. ಹತ್ತು ಗಂಟೆ ದಾರಿಯ ಊರು. ನಾಲ್ಕಕ್ಕೆ ಒಪ್ಪಿಗೆ ಪತ್ರಕ್ಕೆ ಸಹಿ, ಇವತ್ತೇ ರೈಲು."

ಗಡಿಯಾರ ನೋಡಿದಳು. ನಾಲ್ಕಕ್ಕೆ ಆರು ನಿಮಿಷ!

'ಹೋಗಲಿ, ಕೆಲಸ ಸಿಕ್ಕಿದೆ, ಹೋಗಲೇಬೇಕು. ಆದರೆ ನಾನು ಬೇಡ ಅಂದೆ ಅಂದುಕೊಂಡು ಹೋಗಬಾರದು... ದೇವರೇ!'

ದುಪಟ್ಟಾ ಕುರ್ಚಿಗೆ ಸಿಕ್ಕಿಕೊಂಡದ್ದನ್ನೂ ನೋಡದೆ ಓಡಿದಳು. ಮ್ಯೂಸಿಯಂನವರ ಮೇಜಿನ ಮುಂದೆ ಅವನು ಪೆನ್ನಿನ ಕ್ಯಾಪ್ ತೆಗೆದು ನಿಂತಿದ್ದ.

"ಒಂದು ನಿಮಿಷ!"

ಮೇಜಿನವರು, ಸಾಲಿನಲ್ಲಿ ನಿಂತವರು, ಎಲ್ಲರೂ ತಿರುಗಿದರು. ಅವನು ಗಾಬರಿಯಾದ. "ಮೇಡಂ? ಏನಾಯ್ತು? ಕೋಣೆಗೆ ಹೋಗಿ ಮಾತಾಡೋಣ್ವಾ?"

"ಬೇಡ! ಒಳಗೆ ಹೇಳಿದ್ರೆ ಅಭ್ಯಾಸ ಆಗಿಬಿಡತ್ತೆ. ನಾನು ಇಲ್ಲೇ ಹೇಳ್ತೀನಿ." ಉಸಿರು ಸಿಗುತ್ತಿರಲಿಲ್ಲ. "ಮೊದಲು ನೀವು ಹೇಳಿ. ಆವತ್ತು ಹೇಳಿದ್ದು ಅಭ್ಯಾಸನಾ, ನಿಜನಾ?"

ಅವನು ಮೆಲ್ಲಗೆ ಹೇಳಿದ. "ಸೋಮವಾರವೇ ಹೇಳಿದ್ನಲ್ಲ, ನನ್ನ ದೌರ್ಬಲ್ಯ ಏನು ಅಂತ."

ಸುಳ್ಳು ಹೇಳೋಕೆ ಬರಲ್ಲ...

ಅವಳ ಕಣ್ಣು ತುಂಬಿತು. "ಆ ಎರಡು ಮಾರ್ಕ್ಸ್ ನನ್ನ ಉತ್ತರ ಅಲ್ಲ ಕಣೋ! ಸರ್ ಬಂದ್ರು, ಹೆದರಿ ಏನೋ ಗೀಚಿದೆ. ಎರಡು ದಿನದಿಂದ ಬಾಗಿಲನ್ನೇ ನೋಡ್ತಾ ಕೂತಿದ್ದೀನಿ. ನನಗೆ ನೀನು ಇಷ್ಟ. ಸಹಿ ಹಾಕು, ಹೋಗು, ಬೇಡ ಅನ್ನಲ್ಲ. ಇದನ್ನ ತಿಳ್ಕೊಂಡು ಹೋಗು, ಅಷ್ಟೇ."

'ಕಣೋ' ಅಂದದ್ದು ಅವಳಿಗೆ ಆಮೇಲೆ ಹೊಳೆಯಿತು. ಸಾಲಿನಲ್ಲಿ ಯಾರೋ ಸಿಳ್ಳೆ ಹೊಡೆದರು.

ಅವನು ಬಗ್ಗಿ ಸಹಿ ಹಾಕಿದ. ಅವಳ ಎದೆ ಒಮ್ಮೆ ಹಿಂಡಿತು. ತಾನೇ ಹೋಗು ಅಂದಿದ್ದರೂ!

"ಇದು ಎರಡು ವರ್ಷದ ಕೆಲಸ," ಎಂದ ಅವನು ಪತ್ರ ತೋರಿಸುತ್ತಾ. "ನಾನು ಹೇಳಿದ್ದು ಐದು ವರ್ಷ ಆದ ಮೇಲೆ ಎಲ್ಲಿರ್ತೀನಿ ಅಂತ. ಇನ್ನೂ ಮೂರು ವರ್ಷ ಮೊದಲೇ ಬಂದು ಬಾಗಿಲ ಹತ್ತಿರ ನಿಂತಿರ್ತೀನಿ."

ಅಳುತ್ತಲೇ ನಕ್ಕಳು. ಅವನು ಜೇಬಿನಿಂದ ನಾಲ್ಕಾಗಿ ಮಡಚಿದ ಆ ಹಾಳೆ ತೆಗೆದು ಅವಳ ಮುಂದೆ ಹಿಡಿದ.

"ಮರುಮೌಲ್ಯಮಾಪನ ಮಾಡ್ತೀರಾ ಮೇಡಂ?"

ಅವನ ಕೈಯ ಪೆನ್ನನ್ನೇ ಕಸಿದುಕೊಂಡು ಎರಡನ್ನು ಹೊಡೆದುಹಾಕಿ ಬರೆದಳು.

"ಒಂಬತ್ತಾ? ಇನ್ನೊಂದು ಯಾಕೆ ಕಟ್?"

"ಎರಡು ದಿನ ಬರಲಿಲ್ಲವಲ್ಲ, ಅದಕ್ಕೆ."

"ಆ ಒಂದು ಮಾರ್ಕ್ಸ್ ಹೇಗೆ ಸಿಗತ್ತೆ?"

"ಊರು ಮುಟ್ಟಿದ ಕೂಡಲೇ ಫೋನ್ ಮಾಡು... ಮೌನಿ ಥರ ಕೂತ್ಕೋಬೇಡ."