ಮುಟ್ಟದೆ ಕೊಂದ ಕೈ

"ನಡುಗೋ ನಾಯಿ ಬಂದ್ರೆ ಸೂಜಿ ಆಮೇಲೆ ಸಾರ್. ಮೊದಲು ಅದರ ಮೈ ತಡವಿ. ಯಾಕೆ ನಡುಗ್ತಿದೆ ಅಂತ ತಿಳೀದೆ ಕಳಿಸಿದ್ರೆ ಆ ನಡುಕ ನಮ್ಮನ್ನ ಬಿಡಲ್ಲ."

ಪ್ರಾಣಿ ಆಸ್ಪತ್ರೆಯ ಮುದಿ ಕಾಂಪೌಂಡರ್ ಹೀಗೆಂದಾಗ, ಬಂದು ವಾರವೂ ಆಗದ ಹೊಸ ಡಾಕ್ಟರ್ ನಕ್ಕುಬಿಟ್ಟ. "ಚಳಿಗೆ ನಡುಗುತ್ತೆ, ಜ್ವರಕ್ಕೆ, ನೋವಿಗೆ, ಭಯಕ್ಕೆ ನಡುಗುತ್ತೆ. ಇನ್ನೇನು ಅಜ್ಜಾ, ನಾಯಿಗೂ ದೆವ್ವ ಹಿಡಿಯುತ್ತಾ?"

"ನಗಿ ಸಾರ್, ನಗಿ," ಎಂದ ಮುದುಕ ಟ್ರೇ ಒರೆಸುತ್ತಾ.

ಅಂದೇ ಮಧ್ಯಾಹ್ನ ಕರೆಂಟು ಹೋಗಿತ್ತು. ಮೋಡ ಕವಿದು ಒಳಗೆಲ್ಲ ಮಬ್ಬುಗತ್ತಲೆ. ಫಿನಾಯಿಲು, ಒದ್ದೆ ಕೂದಲಿನ ವಾಸನೆ. ಬೀದಿ ಕೊನೆಯ ಟೈಲರಮ್ಮ ಕಂದು ನಾಯಿಯೊಂದನ್ನು ದುಪ್ಪಟಿಯಲ್ಲಿ ಸುತ್ತಿ ತಂದಳು. ಕಿವಿಯಿಂದ ಬಾಲದವರೆಗೆ ನಡುಕ. ತಗಡಿನ ಮೇಜಿನ ಮೇಲೆ ಉಗುರುಗಳ ಟಕಟಕ. ಬಾಯಿಂದ ಜೊಲ್ಲು.

ಡಾಕ್ಟರನಿಗೆ ಹಸಿವು. ಬಾಗಿಲಲ್ಲೇ ನಿಂತು ಮೂಗು ಮುಚ್ಚಿಕೊಂಡ. "ಹುಚ್ಚು. ಉಳಿಯಲ್ಲ."

"ಯಾರಿಗೂ ಕಚ್ಚಿಲ್ಲಪ್ಪಾ. ನಿನ್ನೆಯಿಂದ ಬಾಯಿ ಮುಚ್ಚೋಕಾಗ್ತಿಲ್ಲ ಅಷ್ಟೇ. ಒಂದ್ಸಲ ಮುಟ್ಟಿ ನೋಡು."

"ಮುಟ್ಟೋದೇನಮ್ಮಾ, ಕಣ್ಣಿಗೇ ಕಾಣುತ್ತಲ್ಲ!"

ಕಾಂಪೌಂಡರ್ ಕೈ ಹಿಂದೆ ಕಟ್ಟಿಕೊಂಡ. ಡಾಕ್ಟರ್ ದಪ್ಪ ಕೈಗವಸು ಹಾಕಿ ತಾನೇ ಸೂಜಿ ಚುಚ್ಚಿದ. ನಡುಕ ನಿಂತಿತು. ಉಸಿರೂ ನಿಂತಿತು.

ಅರೆತೆರೆದು ಬಿಗಿದಿದ್ದ ದವಡೆ ಆಗ ಸಡಿಲಿತು. ಮುದುಕ ಬಾಯೊಳಗೆ ಟಾರ್ಚ್ ಬೆಳಕು ಬಿಟ್ಟ. ಅಂಗುಳಲ್ಲಿ ಏನೋ ಮಿನುಗಿತು. ಹೊಲಿಗೆ ಸೂಜಿ. ಅದರಲ್ಲಿನ್ನೂ ಕಪ್ಪು ದಾರ.

ಟೈಲರಮ್ಮ ಅಳಲಿಲ್ಲ. ಸೂಜಿ ಕಿತ್ತಳು. ದಾರಕ್ಕೆ ನಾಯಿಯ ಕೂದಲು ಸುತ್ತಿ, ಬಾಯೊಳಗೇ ಏನೋ ಮಣಮಣಿಸಿ, ಡಾಕ್ಟರನ ಬಿಳಿ ಕೋಟಿನ ಅಂಚಿಗೆ ಒಂದೇ ಒಂದು ಹೊಲಿಗೆ ಹಾಕಿ ದಾರ ಕಚ್ಚಿ ತುಂಡರಿಸಿದಳು. "ಸೂಜಿ ಬೀಳಿಸಿದ್ದು ನಾನು. ಅರ್ಧ ತಪ್ಪು ನಂದು. ಮಿಕ್ಕಿದ್ದು ನಿಂದು. ಇನ್ಮೇಲೆ ನೀನು ಮುಟ್ಟಿದ ಜೀವ ಎಲ್ಲಾ ನಡುಗಲಿ, ಯಾಕೆ ಅಂತ ನೀನೇ ಬಾಯಿಬಿಟ್ಟು ಹೇಳೋ ತನಕ."

ಅವನು ತಲೆ ಎತ್ತಲಾರದೆ ರಿಜಿಸ್ಟರಿನಲ್ಲಿ 'ಹುಚ್ಚು' ಎಂದೇ ಬರೆದ. ಕೋಟನ್ನು ಕಸದ ಡಬ್ಬಿಗೆ ತುರುಕಿದ.

ಸಂಜೆ ಮನೆ ಬಾಗಿಲು ತೆರೆಯುತ್ತಲೇ ಮಗಳು "ಅಪ್ಪಾ" ಎಂದು ತೊದಲುತ್ತಾ ಓಡಿಬಂದಳು. ಎತ್ತಿಕೊಂಡ. ಮಗುವಿನ ಕಿರುಬೆರಳು ಅದುರಿತು. ಆಮೇಲೆ ಕೈ. ಆಮೇಲೆ ಇಡೀ ಮೈ.

"ಏನ್ರೀ ಇದು? ಯಾಕೆ ನಡುಗ್ತಿದ್ದಾಳೆ?" ಹೆಂಡತಿ ಅಡುಗೆಮನೆಯಿಂದ ಧಾವಿಸಿದಳು.

"ಚಳಿ ಇರ್ಬೇಕು."

ಹಲ್ಲುಗಳು ಕಟಕಟಿಸಿದವು. ಕೆಳಗಿಳಿಸಿದ. ನಡುಕ ನಿಲ್ಲಲಿಲ್ಲ.

"ಜ್ವರ... ಜ್ವರ ಕಣೇ."

ಮಗುವಿನ ಕಣ್ಣು ಮೇಲಕ್ಕೆ ಹೊರಳಿತು. ಬಾಯಿಂದ ಜೊಲ್ಲು. ಒದ್ದೆ ಕೂದಲಿನ ವಾಸನೆ. ನೆಲದ ಮೇಲೆ ಉಗುರುಗಳ ಟಕಟಕ. ಟಕಟಕ.

ಅವನು ಮಂಡಿಯೂರಿದ. "ಒಂದು ನಾಯಿ ಬಂದಿತ್ತು. ಅದಕ್ಕೆ ನೋವಿತ್ತು. ನಾನು ಮುಟ್ಟಿ ನೋಡಲಿಲ್ಲ. ಊಟಕ್ಕೆ ಹೊತ್ತಾಯ್ತು ಅಂತ ಕೊಂದೆ. ಸುಳ್ಳು ಬರೆದೆ."

ನಡುಕ ನಿಂತಿತು. ಹೆಂಡತಿ ಮಗುವನ್ನು ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

ಮರುದಿನ ಮಗಳನ್ನು ಮುಟ್ಟಿದಾಗ ಮತ್ತೆ ನಡುಕ. ಮತ್ತೆ ಹೇಳಿದ. ಅದರ ಮರುದಿನವೂ. ಈಗ ಪ್ರತಿ ನಾಯಿಯ ಮೈ ತಡವುವಾಗಲೂ ಅದರ ಕಿವಿಯಲ್ಲಿ ಎಲ್ಲವನ್ನೂ ಪಿಸುಗುಡುತ್ತಾನೆ. ಕಾಂಪೌಂಡರ್ ಬೇರೆ ಕಡೆ ನೋಡುತ್ತಾನೆ. ಮನೆಯಲ್ಲಿ ಮಗಳನ್ನು ಎತ್ತಿಕೊಳ್ಳುವಾಗಲೂ ಅದೇ ಮಾತು, ಒಂದಕ್ಷರ ಬಿಡದಂತೆ. ಅವಳಿಗಿನ್ನೂ ಎರಡು ವರ್ಷ. ಅಪ್ಪ ಹೇಳುವುದೊಂದು ಕತೆಯೆಂದು ಕೇಕೆ ಹಾಕಿ ನಗುತ್ತಾಳೆ.

ಅವಳಿಗೆ ಅರ್ಥವಾಗುವ ದಿನವನ್ನು ನೆನೆದು ಅವನು ನಡುಗುತ್ತಾನೆ.