ಐದೂ ಒಟ್ಟಿಗೆ ನಿಂತ ಕಾರು

"ಗಂಡನ್ನ ತಿಂದ್ಕೊಂಡೋಳು ಅಂತವ್ರೆ ಅಕ್ಕಾ. ತಿಥಿ ಮುಗೀತಿದ್ದಂಗೆ ಮನೆ ಬಿಡ್ಬೇಕಂತೆ," ಎನ್ನುತ್ತ ಸುಷ್ಮಾ ಗಂಗಾದೇವಿಯ ಮನೆ ಜಗುಲಿಯಲ್ಲೇ ಕುಸಿದು ಕೂತಳು.

ಗಂಗಾದೇವಿ ವಿಮಾ ಕಂಪನಿಗೆ ಜಖಂ ವಾಹನ ನೋಡುತ್ತಿದ್ದ ಸರ್ವೇಯರ್, ಈಗ ನಿವೃತ್ತರು. ಹೊಸೂರು ಸುತ್ತ ಪೊಲೀಸರು ಕೈಚೆಲ್ಲಿದ ಎಷ್ಟೋ ಕೇಸು ಬಿಡಿಸಿದ್ದರು. ಪ್ರತಿಸಲವೂ ಜೊತೆಗೆ ಹೋಗುವ ಅವರ ತಮ್ಮ ಚಲಪತಿಗೆ ಈ ಸಾವಿನ ಸುದ್ದಿ ಗೊತ್ತಿತ್ತು. ಸುಷ್ಮಾಳ ಗಂಡ ಮುರಳಿಕೃಷ್ಣನ ಕಾರು ಸಾನಮಾವು ಕಾಡಿನಲ್ಲಿ ನಿಂತುಹೋಗಿತ್ತು. ಇಳಿದವನನ್ನು ಆನೆ ತುಳಿದಿತ್ತು. ಮರುದಿನ ಪೊಲೀಸರು ಕೀಲಿ ತಿರುಗಿಸಿದರೆ ಅದೇ ಕಾರು ಸಲೀಸಾಗಿ ಓಡಿ ಬಂದಿತ್ತು. ಐದು ಸಿಲಿಂಡರಿನ ಆ ಡೀಸೆಲ್ ಗಾಡಿಯನ್ನು ಸುಷ್ಮಾ ತನ್ನ ಸಂಬಳದಲ್ಲಿ ಹಟ ಹಿಡಿದು ಕೊಂಡಿದ್ದಳು. ಅವಳನ್ನು ದೂರಲು ಊರಿಗೆ ಅಷ್ಟು ಸಾಕಾಗಿತ್ತು. ಸೈಕಲ್ ಚೈನು ಹಾಕಲು ಬಾರದವರೂ ಎಂಜಿನ್ನಿನ ಜಾತಕ ಹೇಳುತ್ತಿದ್ದರು.

ಉದ್ದನಪಲ್ಲಿಯಲ್ಲಿ ಸುಷ್ಮಾಳ ಗಂಡನ ಮನೆಯ ಅಂಗಳದಲ್ಲಿ ಮುರಳಿಯ ತಮ್ಮ ಬೀರೇಶ್ ಎದುರಾದ. ಸೂಳಗಿರಿಯ ಕಾರ್ಖಾನೆಯಿಂದ ಆಗಷ್ಟೇ ಬಂದು, ಅಲ್ಲಿ ಕೊಡುವ ಹಳದಿ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದ.

"ನಾಲ್ಕು ಸಿಲಿಂಡರಿಂದು ತಗೊಳ್ಳಿ ಅಂತ ಬಡ್ಕೊಂಡೆ ಮೇಡಂ. ಐದು ಬೆಸ, ನೆಟ್ಟಗೆ ಓಡಲ್ಲ. ಎರಡು ಸಲ ಕೆಮ್ತು, ನಿಂತೋಯ್ತು."

"ಕಾರಲ್ಲಿ ಇನ್ಯಾರಿದ್ರು?"

"ಯಾರೂ ಇಲ್ಲ. ಅಣ್ಣ ಒಬ್ನೇ."

ಗಂಗಾದೇವಿ ಬಾನೆಟ್ ಎತ್ತಿಸಿ ಎಂಜಿನ್ ಓಡಿಸಿ ನೋಡಿದರು. ಆಮೇಲೆ ಟ್ಯಾಂಕ್ ಬಿಚ್ಚಿಸಿದರು. ಸಂಜೆ ಇನ್‌ಸ್ಪೆಕ್ಟರನ್ನು ಕರೆಸಿ ಮನೆಯವರನ್ನೆಲ್ಲ ಕೂರಿಸಿದರು.

"ಒಂದು ಸಿಲಿಂಡರಿಗೆ ಡೀಸೆಲ್ ತಪ್ಪಿಸಿ ನೋಡ್ದೆ. ಎಂಜಿನ್ ನಡುಗ್ತು, ನಿಲ್ಲಲಿಲ್ಲ. ನಾಲ್ಕರದ್ದಾಗಿದ್ರೆ ಇನ್ನೂ ಜಾಸ್ತಿ ನಡುಗೋದು, ಅಷ್ಟೇ. ಚೆನ್ನಾಗಿ ನೋಡ್ಕೊಂಡ್ರೆ ಎರಡೂ ಬಾಳಿಕೆ ಬರ್ತವೆ. ಐದೂ ಒಟ್ಟಿಗೆ ನಿಂತವು ಅಂದ್ರೆ ಐದಕ್ಕೂ ಡೀಸೆಲ್ ಹೋಗೋ ದಾರಿ ಕಟ್ಟಿರ್ಬೇಕು." ಅವರು ಒದ್ದೆ ಹಳದಿ ಬಟ್ಟೆಯೊಂದನ್ನು ಎತ್ತಿ ಹಿಡಿದರು. "ಟ್ಯಾಂಕಲ್ಲಿತ್ತು. ಡೀಸೆಲ್ ಹೀರೋ ಬಾಯಿಗೆ ಅಂಟ್ಕೊಂಡ್ರೆ ಗಾಡಿ ನಿಲ್ತದೆ. ನಿಂತ್ಮೇಲೆ ಸರಿದು ಹೋಗ್ತದೆ, ಅದಕ್ಕೇ ಮರುದಿನ ಓಡ್ತು. ಇಂಥದೇ ಬಟ್ಟೆ ಈ ಮನೇಲಿ ಯಾರ ಕೈಲಿದೆ ನೋಡಿ. ಬೀರೇಶ, ಎರಡು ಸಲ ಕೆಮ್ಮಿದ್ದು ಸತ್ತೋನು ಬಂದು ಹೇಳಿದ್ನಾ?"

ಬೀರೇಶ ಕೈಲಿದ್ದ ಬಟ್ಟೆಯನ್ನು ಮುದುರಿ ಕೆಳಗೆ ಹಾಕಿದ. "ಜಮೀನು ಮಾರೋಕೆ ಒಪ್ಲಿಲ್ಲ ಅವ್ನು. ಟ್ಯಾಂಕಿಗೆ ಬಟ್ಟೆ ಹಾಕಿ ದಿನಾ ಬೈಕಲ್ಲಿ ಹಿಂದೆ ಹೋಗ್ತಿದ್ದೆ, ಎಲ್ಲಿ ನಿಲ್ತದೆ ಅಂತ. ಆನೆ ಬಂದಾಗ 'ಬಾರ್ಲಾ ಬೀರಾ' ಅಂತ ಕೂಗ್ದ. ನಾನು ಹೋಗ್ಲಿಲ್ಲ."

ಪೊಲೀಸರು ಅವನನ್ನು ಕರೆದೊಯ್ದರು. ಸುಷ್ಮಾ ಅಳುತ್ತ ಅತ್ತೆ ದೊಡ್ಡಮುನಿಯಮ್ಮನ ಕೈ ಹಿಡಿಯಹೋದಳು. ಮುದುಕಿ ಆ ಕೈಯನ್ನು ಕೊಡವಿದಳು.

"ಉಳಿದಿದ್ದೋನು ಅವ್ನೊಬ್ಬ ಕಣೇ! ಅವನ್ನೂ ನುಂಗ್ಬುಟ್ಯಾ? ಈಗ್ಲೇ ನಡಿ ಆಚೆಗೆ."

ಚಲಪತಿಗೆ ಮೈಯೆಲ್ಲ ಉರಿದುಹೋಯಿತು. ನಿಜ ಹೊರಬೀಳದಿದ್ದರೆ ಸುಷ್ಮಾಳಿಗೆ ತಿಥಿಯವರೆಗಾದರೂ ಆ ಮನೆ ಇರುತ್ತಿತ್ತು.