ಕಳ್ಳ ಬಿಟ್ಟುಹೋದ ಟಿಕೆಟ್

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅವಳು ಬೀರು ತೆಗೆದಳು. ಹಸಿರು ಫೈಲು ಇದ್ದಲ್ಲೇ ಇತ್ತು. ಆದರೆ ಕೈಗೆ ಹಗುರವಾಗಿತ್ತು. ಬಿಚ್ಚಿ ನೋಡಿದರೆ — ಪಾಸ್‌ಪೋರ್ಟ್ ಇದೆ, ವಾಪಸು ಟಿಕೆಟ್ ಇದೆ. ಮದುವೆ ನೋಂದಣಿ ಪತ್ರ ಇಲ್ಲ. ಸಹಿ ಹಾಕಿದ ಅರ್ಜಿಯೂ ಇಲ್ಲ.

ನಾಳೆ ಹತ್ತು ಗಂಟೆಗೆ ವಲಸೆ ಕಚೇರಿಯಲ್ಲಿ ಅವಳ ಸರದಿ. ಅಸಲು ಪತ್ರ ಕೊಟ್ಟರೆ, ಸುತ್ತಾಡಲು ಬಂದವಳ ವೀಸಾ ಗಂಡನ ಜೊತೆ ಉಳಿಯುವವಳ ವೀಸಾ ಆಗುವ ದಾರಿಗೆ ಬೀಳುತ್ತದೆ. ಕೊಡದಿದ್ದರೆ ಶನಿವಾರಕ್ಕೆ ಗಡುವು ಮುಗಿಯಿತು, ಗಂಟುಮೂಟೆ ಕಟ್ಟಬೇಕು. ಪತ್ರದ ಇನ್ನೊಂದು ಪ್ರತಿ ಬರಲು ಮೂರು ವಾರ ಬೇಕು.

ಅವಳು ಈ ಊರಿಗೆ ಬಂದಿದ್ದು ದೊಡ್ಡಮ್ಮನ ಮಗಳ ಹೆರಿಗೆಗೆ ಜೊತೆಗಿರಲು. ಅಕ್ಕನ ಕಟ್ಟಡದ ಲಿಫ್ಟ್ ಒಂದು ದಿನ ಕೆಟ್ಟು ನಿಂತಿತು. ಒಳಗೆ ಸಿಕ್ಕಿಬಿದ್ದವಳು ಕನ್ನಡದಲ್ಲಿ ಲಿಫ್ಟಿಗೆ ಶಾಪ ಹಾಕುತ್ತಿದ್ದರೆ ಮೇಲಿನಿಂದ ರಿಪೇರಿಯವನು ಕನ್ನಡದಲ್ಲೇ "ಸ್ವಲ್ಪ ತಡೀರಿ, ಅದಕ್ಕೂ ಮಾನ ಇದೆ" ಅಂದ. ಎರಡು ತಿಂಗಳಲ್ಲಿ ಮದುವೆ. ಆಮೇಲೆ ಅಕ್ಕ ಬೇರೆ ಊರಿಗೆ ಹೋದಳು. ಗಂಡ ದಿನವಿಡೀ ಯಾವುದೋ ಕಟ್ಟಡದಲ್ಲಿ ಲಿಫ್ಟ್ ಓಡಾಡುವ ಗುಂಡಿಯಲ್ಲಿರುತ್ತಾನೆ, ಅತ್ತೆ ಲಾಂಡ್ರಿಯಲ್ಲಿ ಆಸ್ಪತ್ರೆಯ ಹೊದಿಕೆಗಳಿಗೆ ಇಸ್ತ್ರಿ ಹಾಕುತ್ತಾಳೆ. ಅವಳಿಗೆ ಮಾತಾಡಲು ನಾಲ್ಕು ಗೋಡೆ. ಅಮ್ಮನಿಗೆ ಫೋನು ಮಾಡಿದರೆ ಹತ್ತು ದಿನದಿಂದ ಅಣ್ಣನೇ ಎತ್ತುತ್ತಾನೆ. ಅಮ್ಮ ಮಲಗಿದಾಳೆ, ಅಮ್ಮ ಸ್ನಾನಕ್ಕೆ ಹೋಗಿದಾಳೆ. ಒಂಟಿತನಕ್ಕೆ ಅಭ್ಯಾಸವಾಗುತ್ತದೆ ಅನ್ನುವವರು ಸುಳ್ಳುಬುರುಕರು. ಅವಳಿಗಂತೂ ಆಗಿರಲಿಲ್ಲ.

ಕೆಲಸಕ್ಕೆ ಹೊರಟಿದ್ದ ಗಂಡನನ್ನು ನಿಲ್ಲಿಸಿಕೊಂಡು ಮನೆಯೆಲ್ಲ ಹುಡುಕಿದ ಮೇಲೆ ಅವಳು ಅರ್ಜಿ ರಾಯರಿಗೆ ಫೋನು ಮಾಡಿದಳು. ವಲಸೆ ಕಚೇರಿಯ ಎದುರು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂತು ಮೂವತ್ತು ವರ್ಷದಿಂದ ಜನರ ಅರ್ಜಿ ತುಂಬುವ ಮುದುಕ. ಹೆಸರು ಬೇರೇನೋ ಇದೆ, ಯಾರಿಗೂ ಬೇಕಾಗಿಲ್ಲ. ಈ ಫೈಲು ಕಟ್ಟಿಕೊಟ್ಟವರೂ ಅವರೇ.

"ಇನ್ನೇನನ್ನೂ ಮುಟ್ಬೇಡ. ಮನೆಯವರನ್ನೆಲ್ಲ ಕರೆಸು" ಅಂದರು.

ಹನ್ನೊಂದಕ್ಕೆ ರಾಯರು ಬಂದಾಗ ಮೂವರೂ ಹಾಜರಿದ್ದರು — ಗಂಡ, ಅತ್ತೆ, ನಾದಿನಿ. ನಾದಿನಿಗೆ ಚಪ್ಪಲಿ ಅಂಗಡಿಯಲ್ಲಿ ಕೆಲಸ. ನಿನ್ನೆ ಊಟಕ್ಕೆ ಬಂದಿದ್ದಳು. ಶುಕ್ರವಾರ ಸಂಜೆ ಫೈಲು ಬೀರು ಸೇರಿದ ಮೇಲೆ ಆ ಕೋಣೆಗೆ ಕಾಲಿಟ್ಟವರು ಇವರಷ್ಟೇ.

ರಾಯರು ಕನ್ನಡಕ ಏರಿಸಿದರು.

"ಅಮ್ಮಾ, ಈ ಮದುವೆ ನಿಮಗೆ ಇಷ್ಟ ಇರಲಿಲ್ಲ, ಅಲ್ವಾ?"

"ಇರ್ಲಿಲ್ಲ" ಅಂದಳು ಅತ್ತೆ, ಮುಖ ತಿರುಗಿಸದೆ. "ಲಿಫ್ಟಲ್ಲಿ ಸಿಕ್ಕಿದ ಹುಡುಗಿ ಅಂತ ನೆಂಟರಿಗೆ ಹೇಗೆ ಹೇಳ್ಲಿ? ಆದ್ರೆ ಕಾಗದ ಕದಿಯೋಷ್ಟು ಪುರುಸೊತ್ತು ನನಗಿಲ್ಲ."

"ನೀನಮ್ಮಾ?"

"ನಿನ್ನೆ ಅತ್ತಿಗೆ ಜೊತೆ ಜಗಳ ಆಡಿದ್ದು ನಿಜ" ಅಂದಳು ನಾದಿನಿ. "ನನ್ನ ಸೀರೆ ಕೇಳದೆ ಉಟ್ಕೊಂಡಿದ್ರು. ಸೀರೆಗೋಸ್ಕರ ಯಾರಾದ್ರೂ ಸಂಸಾರ ಒಡೀತಾರಾ?"

"ನೀನಪ್ಪಾ?"

"ಹುಡುಕಿ ಸಾಕಾಯ್ತು" ಅಂದ ಗಂಡ. ಮೂರು ದಿನದ ಗಡ್ಡ, ಬಣ್ಣವಿಲ್ಲದ ಮುಖ. "ಸಿಗದಿದ್ರೆ ಏನು ಮಾಡೋಕಾಗುತ್ತೆ. ಹೋಗಿ ಬರ್ಲಿ."

ಎಷ್ಟು ಸಲೀಸಾಗಿ ಅಂದುಬಿಟ್ಟ!

ರಾಯರು ಫೈಲಿನಲ್ಲಿ ಉಳಿದ ಹಾಳೆಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದರು. ಟಿಕೆಟಿನ ಹಾಳೆಯ ಹತ್ತಿರ ಕೈ ನಿಂತಿತು.

"ನೋಡಮ್ಮ, ವಿಮಾನದಲ್ಲಿ ನೀನು ಎಲ್ಲಿ ಕೂರೋದು?"

"ನಡುದಾರಿ ಪಕ್ಕ. ಕಿಟಕಿ ಹತ್ತಿರ ಕೂತ್ರೆ ವಾಂತಿ ಬರುತ್ತೆ. ಬರೋವಾಗ ಕಿಟಕೀನೇ ಸಿಕ್ಕಿ ಪ್ರಾಣ ಹೋಗಿತ್ತು."

"ಇದು ಯಾರಿಗೆಲ್ಲ ಗೊತ್ತು?"

"ಇವರಿಗೆ ಬಿಟ್ರೆ ಇನ್ಯಾರಿಗೂ ಹೇಳಿಲ್ಲ. ನಾಚಿಕೆ" ಅಂದಳು, ಗಂಡನತ್ತ ನೋಡಿ.

"ಟಿಕೆಟಿನ ತಾರೀಖು ನೋಡಿದ್ಯಾ?"

"ಶನಿವಾರದ್ದು."

"ಓದು."

ಓದಿದಳು. ಬುಧವಾರ. ನಾಡಿದ್ದು ಬೆಳಿಗ್ಗೆ ಆರೂವರೆ. ಸೀಟು ನಡುದಾರಿ ಪಕ್ಕ.

ರಾಯರು ಹಾಳೆಯ ಮೂಲೆಗೆ ಬೆರಳಿಟ್ಟರು.

"ನನ್ನ ಕೈಯಲ್ಲಿ ಹೋದ ಪ್ರತಿ ಹಾಳೆಗೂ ಮೂಲೆಯಲ್ಲಿ ಕೆಂಪು ಪೆನ್ಸಿಲ್‌ನಲ್ಲಿ ಅಂಕಿ ಹಾಕ್ತೀನಿ" ಅಂದರು ರಾಯರು. "ಈ ಹಾಳೆಗೆ ಅಂಕಿ ಇಲ್ಲ. ಹಳೇದನ್ನ ತೆಗೆದು ಹೊಸದು ಇಟ್ಟಿದಾರೆ. ನಿನ್ನ ಕಣ್ಣಿಗೆ ಬೀಳ್ಲಿಲ್ಲ — ಹೋಗೋ ಯೋಚನೆ ಇಲ್ಲದವರು ವಾಪಸು ಟಿಕೆಟ್ ಯಾಕೆ ಓದ್ತಾರೆ? ಈಗ ಯೋಚನೆ ಮಾಡು. ಕಳ್ಳ ಉಳಿಯೋ ಕಾಗದ ಒಯ್ದ, ಹೋಗೋ ಕಾಗದ ಬಿಟ್ಟ. ಅಂದ್ರೆ ನೀನು ಹೋಗ್ಬೇಕು ಅವನಿಗೆ. ದ್ವೇಷ ಇದ್ದವರು ಶನಿವಾರದವರೆಗೆ ಕಾದಿದ್ರೂ ನೀನು ಹೋಗೇ ಹೋಗ್ತಿದ್ದೆ. ಇವನಿಗೆ ಮೂರು ದಿನವೂ ತಡೆಯೋಕಾಗಿಲ್ಲ. ಮೇಲೆ, ನಿನಗೆ ವಾಂತಿ ಆಗ್ಬಾರ್ದು ಅಂತ ಸೀಟು ಬೇರೆ ಆರಿಸಿದಾನೆ."

ಅವರು ಗಂಡನ ಕಡೆ ತಿರುಗಿದರು. "ಶುಕ್ರವಾರ ನನ್ನ ಕೋಣೆಯಲ್ಲಿ ನಿಯಮ ಓದಿದಾಗ ಇವಳು ಸುಮ್ನೆ ತಲೆ ಆಡಿಸಿದ್ಲು. ನೀನು ಒಂದನ್ನ ಎರಡೆರಡು ಸಲ ಕೇಳ್ದೆ. ಅರ್ಜಿ ಸೇರಿದ ಮೇಲೆ ತೀರ್ಮಾನ ಆಗೋವರೆಗೆ ದೇಶ ಬಿಡೋ ಹಾಗೇ ಇಲ್ವಾ ಅಂತ. ಬಿಟ್ರೆ ಅರ್ಜಿ ಬಿದ್ದುಹೋಗುತ್ತೆ, ಎಂಟು ತಿಂಗಳೋ ಹತ್ತೋ ಅಂದೆ. ಅವಳು ಊರಿಗೆ ಅಷ್ಟು ಬೇಗ ಹೋಗ್ಬೇಕಾಗಿರೋದು ಯಾತಕ್ಕಪ್ಪಾ?"

ಗಂಡ ಅಂಗಿಯ ಒಳಜೇಬಿಗೆ ಕೈ ಹಾಕಿದ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮದುವೆ ಪತ್ರ, ಮಡಿಸಿದ ಅರ್ಜಿ. ಮೂರು ದಿನದಿಂದ ಅದನ್ನು ಎದೆಗೆ ಇಟ್ಟುಕೊಂಡೇ ಲಿಫ್ಟಿನ ಗುಂಡಿಗಳಿಗೆ ಇಳಿದು ಹತ್ತಿದ್ದ.

"ನಿಮ್ಮಮ್ಮ ಆಸ್ಪತ್ರೆ ಸೇರಿ ಹತ್ತು ದಿನ ಆಯ್ತು" ಅಂದ, ನೆಲ ನೋಡುತ್ತ. "ಡಾಕ್ಟ್ರು ಹೆಚ್ಚು ದಿನ ಹೇಳಿಲ್ಲ. ಅರ್ಜಿ ಕೊಡೋವರೆಗೆ ನಿನಗೆ ಹೇಳ್ಬಾರ್ದು ಅಂತ ನಿಮ್ಮಣ್ಣ ಆಣೆ ಹಾಕಿಸ್ಕೊಂಡ. ಹೇಳಲ್ಲ ಅಂತ ಮಾತು ಕೊಟ್ಟಿದ್ದೆ. ಕದಿಯಲ್ಲ ಅಂತ ಕೊಟ್ಟಿರ್ಲಿಲ್ಲ."

ಅತ್ತೆ ಕೈಯಲ್ಲಿದ್ದ ಚೀಲವನ್ನು ಮೇಜಿನ ಮೇಲಿಟ್ಟು ಕುಳಿತುಬಿಟ್ಟಳು. ಅವಳಿಗೂ ಈ ಸುದ್ದಿ ಈಗಲೇ.

"ಬೆಳಿಗ್ಗೆಯಿಂದ ನಾನು ಮನೆ ತಲೆಕೆಳಗು ಮಾಡ್ತಾ ಇದ್ರೆ ನೀವೂ ಜೊತೆಗೆ ಹಾಸಿಗೆ ಕೆಳಗೆ ಹುಡುಕಿದ್ರಲ್ಲ ರೀ" ಅಂದಳು ಅವಳು ಗಂಡನಿಗೆ. ಬಯ್ಯಬೇಕೆಂದೇ ಬಾಯಿ ತೆಗೆದಿದ್ದಳು. ಅಷ್ಟಕ್ಕೇ ನಿಲ್ಲಿಸಿ ಅವನ ಕೈಯಿಂದ ಪತ್ರ ತೆಗೆದುಕೊಂಡಳು.

"ಈಗ ಎರಡೂ ನಿನ್ನ ಕೈಯಲ್ಲಿದೆ" ಅಂದರು ರಾಯರು. "ನಾಳೆ ಅರ್ಜಿ ಕೊಟ್ರೆ ಇಲ್ಲೇ ಇರ್ತೀಯ, ಊರಿಗೆ ಹೋಗೋ ಹಾಗಿಲ್ಲ. ಹೋದ್ರೆ ಅಲ್ಲಿಂದ ಹೊಸದಾಗಿ ಹಾಕ್ಬೇಕು. ವರ್ಷ ಹಿಡೀಬಹುದು. ಸಿಕ್ಕೇ ಸಿಗುತ್ತೆ ಅಂತ ನಾನು ಬರೆದುಕೊಡೋಕಾಗಲ್ಲ."

ಅವಳು ಗಂಡನನ್ನು ನೋಡಿದಳು.

"ಗುಂಡಿಯಲ್ಲಿ ಒಬ್ಬನೇ ಇದ್ದು ನನಗೆ ಅಭ್ಯಾಸ" ಅಂದ. ಇವನೂ ಸುಳ್ಳುಬುರುಕನೇ.

ಅವಳು ಅಣ್ಣನಿಗೆ ಫೋನು ಮಾಡಿದಳು. "ಮಲಗಿದಾಳೆ ಅನ್ಬೇಡ. ಫೋನು ಅಮ್ಮನ ಕಿವಿಗಿಡು."

ಎಷ್ಟೋ ಹೊತ್ತು ಉಸಿರಾಟ ಮಾತ್ರ ಕೇಳಿಸಿತು. ಆಮೇಲೆ ಸವೆದುಹೋದ ದನಿ. "ಅರ್ಜಿ ಕೊಟ್ಯಾ?"

ಮೊದಲ ಮಾತೇ ಅದು. ಆಣೆ ಹಾಕಿಸಿದ್ದು ಅಣ್ಣನಲ್ಲ ಎಂದು ಆಗ ಅವಳಿಗೆ ತಿಳಿಯಿತು.

"ಇಲ್ಲಮ್ಮ. ಕಾಗದ ಕಳ್ಳತನ ಆಯ್ತು."

"ಯಾರು ಕದ್ದಿದ್ದು?"

"ನಿನ್ನ ಅಳಿಯ."

ಆ ಕಡೆಯಿಂದ ಸಣ್ಣ ಸದ್ದು ಬಂತು. ಅಮ್ಮ ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗಲಿಲ್ಲ.

"ಹಾಗಾದ್ರೆ ಬರ್ತೀಯಾ?"

"ಬುಧವಾರ ಹೊರಡ್ತೀನಿ."

"ಬೇಗ ಬಾ" ಅಂದಳು ಅಮ್ಮ. "ಇಲ್ಲಿ ಯಾರೂ ನನ್ನ ಜೊತೆ ಸರಿಯಾಗಿ ಮಾತೇ ಆಡಲ್ಲ."